ಮನೆಯಲ್ಲೊಬ್ಬರು ಟ್ರಯಥ್ಲಾನ್‌ಗೆ ತಯಾರಾಗುವಾಗ: ನಸುಕಿನ 4:20ರಿಂದ ರಾತ್ರಿ 9:30ರವರೆಗೆ

ಅಕ್ಟೋಬರ್, ನವೆಂಬರ್ ಬಂತೆಂದರೆ ಗೋವಾದ ಮಿರಾಮಾರ್ ಬೀಚಿನ ಫೋಟೋಗಳು ನಮ್ಮ ವಾಟ್ಸಾಪ್ ಗುಂಪುಗಳಿಗೆ ಬರತೊಡಗುತ್ತವೆ. ಕೊರಳಲ್ಲಿ ಮೆಡಲ್, ಕೆನ್ನೆಯ ಮೇಲೆ ಒಣಗಿದ ಉಪ್ಪಿನ ಗೆರೆ, ಪಕ್ಕದಲ್ಲಿ ಕಣ್ಣು ತುಂಬಿಕೊಂಡ ಮನೆಯವರು. 2024ರ ಅಕ್ಟೋಬರ್ 27ರಂದು ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅಲ್ಲಿನ ಐರನ್‌ಮ್ಯಾನ್ 70.3 ಅನ್ನುವ ಟ್ರಯಥ್ಲಾನ್ ಸ್ಪರ್ಧೆಯನ್ನು 8 ಗಂಟೆ 27 ನಿಮಿಷ 32 ಸೆಕೆಂಡಿನಲ್ಲಿ ಮುಗಿಸಿದರು. ಆಮೇಲಂತೂ ಈ ಮಾತು ಟೀ ಅಂಗಡಿಗೂ ಬಂದಿದೆ. ನಾನೂ ಆ ಸ್ಪರ್ಧೆಗೆ ತಯಾರಾದವಳು ಅಂತ ಗೊತ್ತಾದರೆ ಜನ ಕೇಳುವ ಮೊದಲ ಪ್ರಶ್ನೆ: "ಅಷ್ಟು ಹೊತ್ತು ಹೇಗೆ ಮಾಡ್ತೀರಿ?"

ಸ್ಪರ್ಧೆ ಒಂದು ದಿನದ್ದು. ಅದರ ಹಿಂದೆ ಏಳೆಂಟು ತಿಂಗಳ ಮಾಮೂಲಿ ದಿನಗಳಿರುತ್ತವೆ. ಆಫೀಸು, ಅಡುಗೆ, ಮಕ್ಕಳ ಸ್ಕೂಲು, ಮದುವೆ, ಮುಂಜಿ ಎಲ್ಲವೂ ಇರುವ ದಿನಗಳು. "ಹೇಗೆ" ಅನ್ನುವುದಕ್ಕೆ ಉತ್ತರ ಇರುವುದು ಆ ದಿನಗಳಲ್ಲೇ. ಹಾಗಾಗಿ ಈ ಬರಹ ಅವುಗಳ ಬಗ್ಗೆ.

ಟ್ರಯಥ್ಲಾನ್ ಯಾವುದು, ಐರನ್‌ಮ್ಯಾನ್ ಯಾವುದು

ಈಜು, ಸೈಕಲ್, ಓಟ. ಈ ಮೂರನ್ನೂ ಇದೇ ಕ್ರಮದಲ್ಲಿ, ಮಧ್ಯೆ ಗಡಿಯಾರ ನಿಲ್ಲಿಸದೆ ಮಾಡುವುದೇ ಟ್ರಯಥ್ಲಾನ್. ಈಜಿನಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಓಟಕ್ಕೆ ಬದಲಾಗುವ ಜಾಗಕ್ಕೆ ಟ್ರಾನ್ಸಿಷನ್ ಅನ್ನುತ್ತಾರೆ. ಶೂ ಲೇಸು ಕಟ್ಟಿಕೊಳ್ಳುವ ಹೊತ್ತೂ ನಿಮ್ಮ ಸಮಯಕ್ಕೇ ಸೇರುತ್ತದೆ.

ಐರನ್‌ಮ್ಯಾನ್ ಅನ್ನುವುದು ಒಂದು ಕಂಪನಿಯ ಹೆಸರು. ಫೋಟೋಕಾಪಿಗೆ ನಾವು ಜೆರಾಕ್ಸ್ ಅಂದುಬಿಡುತ್ತೇವಲ್ಲ, ಹಾಗೆ ದೂರದ ಟ್ರಯಥ್ಲಾನಿಗೆಲ್ಲ ಆ ಹೆಸರು ಅಂಟಿಕೊಂಡಿದೆ. ಪೂರ್ತಿ ದೂರದ್ದರಲ್ಲಿ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ. ಸಾಮಾನ್ಯವಾಗಿ 17 ಗಂಟೆಯೊಳಗೆ ಮುಗಿಸಬೇಕು. ಗೋವಾದಲ್ಲಿ ನಡೆಯುವುದು ಇದರ ಅರ್ಧ: 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಒಟ್ಟು 113 ಕಿ.ಮೀ., ಮೈಲಿಯಲ್ಲಿ 70.3. ಅದಕ್ಕೇ ಆ ಸ್ಪರ್ಧೆಯ ಹೆಸರಿನಲ್ಲಿ ಆ ವಿಚಿತ್ರ ಸಂಖ್ಯೆ ಇದೆ. ಇದಕ್ಕೆ ಸಿಗುವ ಹೊತ್ತು ಸುಮಾರು ಎಂಟೂವರೆ ಗಂಟೆ.

ಪೂರ್ತಿ ದೂರ ಹುಟ್ಟಿದ್ದು ಒಂದು ವಾದದಿಂದ. ಈಜುಗಾರ, ಸೈಕಲಿಗ, ಓಟಗಾರ, ಇವರಲ್ಲಿ ಯಾರು ಹೆಚ್ಚು ಗಟ್ಟಿ ಅಂತ ಹವಾಯಿಯಲ್ಲಿ ಚರ್ಚೆ ನಡೆದಿತ್ತು. ಅಮೆರಿಕದ ನೌಕಾಪಡೆಯಲ್ಲಿದ್ದ ಜಾನ್ ಕಾಲಿನ್ಸ್, ಆ ದ್ವೀಪದಲ್ಲಿ ಬೇರೆ ಬೇರೆಯಾಗಿ ನಡೆಯುತ್ತಿದ್ದ ಮೂರು ಸ್ಪರ್ಧೆಗಳನ್ನು ಒಂದೇ ದಿನಕ್ಕೆ ಸೇರಿಸೋಣ ಅಂದರು. 1978ರ ಫೆಬ್ರುವರಿ 18ರಂದು 15 ಜನ ಶುರು ಮಾಡಿದರು, 12 ಜನ ಮುಗಿಸಿದರು. ಒಲಿಂಪಿಕ್ಸ್‌ನಲ್ಲಿ 2000ದಿಂದ ಇರುವ ಟ್ರಯಥ್ಲಾನ್ ಇದಕ್ಕಿಂತ ತುಂಬ ಚಿಕ್ಕದು: 1.5, 40 ಮತ್ತು 10 ಕಿ.ಮೀ.

ವಾರಕ್ಕೆ ಎಷ್ಟು ಗಂಟೆ ಬೇಕು?

ಕೆಲಸಕ್ಕೆ ಹೋಗುತ್ತಲೇ ಅರ್ಧ ದೂರಕ್ಕೆ ತಯಾರಾಗುವವರು ವಾರಕ್ಕೆ ಏಳೆಂಟು ಗಂಟೆಯಿಂದ ಶುರು ಮಾಡಿ ಹತ್ತರ ಹತ್ತಿರ ಬರುತ್ತಾರೆ. ಪೂರ್ತಿ ದೂರವಾದರೆ ಹನ್ನೆರಡು, ಹದಿನಾಲ್ಕು ಗಂಟೆಯೂ ಆಗುತ್ತದೆ. ಕೇಳುವುದಕ್ಕೆ ಜಾಸ್ತಿ ಅನಿಸುತ್ತದೆ, ಅಲ್ವಾ? ಆದರೆ ಅದು ಒಟ್ಟಿಗೆ ಬರುವುದಿಲ್ಲ.

ನಮ್ಮ ಮನೆಯ ಫ್ರಿಜ್ ಬಾಗಿಲ ಮೇಲೆ ಒಂದು ಹಾಳೆ ಅಂಟಿಸಿದ್ದೆ. ಸೋಮವಾರ ರಜೆ. ಮಂಗಳವಾರ ಬೆಳಿಗ್ಗೆ ಮುಕ್ಕಾಲು ಗಂಟೆ ಈಜು. ಬುಧವಾರ ಒಂದು ಗಂಟೆ ಸೈಕಲ್, ಅದೂ ಮನೆಯ ಹಾಲ್‌ನಲ್ಲೇ. ಹಿಂದಿನ ಚಕ್ರವನ್ನು ಒಂದು ಸ್ಟ್ಯಾಂಡಿಗೆ ಕೂರಿಸಿದರೆ ಸೈಕಲ್ ನಿಂತಲ್ಲೇ ಓಡುತ್ತದೆ, ಮಳೆಯ ಚಿಂತೆಯಿಲ್ಲ, ಟ್ರಾಫಿಕ್ಕಿನ ಚಿಂತೆಯೂ ಇಲ್ಲ. ಗುರುವಾರ ಓಟ, ಶುಕ್ರವಾರ ಮತ್ತೆ ಈಜು ಮತ್ತು ಅರ್ಧ ಗಂಟೆ ತೂಕದ ವ್ಯಾಯಾಮ. ಶನಿವಾರ ಲಾಂಗ್ ರೈಡ್, ಭಾನುವಾರ ಲಾಂಗ್ ರನ್. ಅಂದರೆ ಹೆಚ್ಚಿನ ಹೊತ್ತೆಲ್ಲ ವಾರದ ಕೊನೆಯ ಎರಡು ಬೆಳಿಗ್ಗೆಗಳಿಗೆ ಬೀಳುತ್ತದೆ.

ಬೆಳಿಗ್ಗೆಯೇ ಯಾಕೆ ಅಂದರೆ, ಬೆಂಗಳೂರಿನಲ್ಲಿ ಸೈಕಲ್ ಹೊಡೆಯಲು ರಸ್ತೆ ಸಿಗುವುದು ಆಗ ಮಾತ್ರ. ಶನಿವಾರ 4:20ಕ್ಕೆ ಎದ್ದು, ಹಿಂದೆ ಮುಂದೆ ಲೈಟು ಹಾಕಿಕೊಂಡು, ಹೆಬ್ಬಾಳ ದಾಟಿ ದೇವನಹಳ್ಳಿ ಕಡೆ ಹೊರಟರೆ ಬೆಳಕಾಗುವ ಹೊತ್ತಿಗೆ ನಂದಿ ಬೆಟ್ಟದ ಬುಡ ಹತ್ತಿರವಾಗಿರುತ್ತದೆ. ಎಂಟೂವರೆಯ ಹೊತ್ತಿಗೆ ವಾಪಸ್ ಬಂದುಬಿಡಬೇಕು. ಮೈಸೂರಿನವರಿಗೆ ಚಾಮುಂಡಿ ಬೆಟ್ಟ ಮನೆ ಬಾಗಿಲಲ್ಲೇ ಇದೆ. ಅದು ನಿಜಕ್ಕೂ ದೊಡ್ಡ ಪುಣ್ಯ.

ಶನಿವಾರದ ಸೈಕಲ್ ಮುಗಿದ ಕೂಡಲೇ ಸೈಕಲ್ಲನ್ನು ಗೋಡೆಗೆ ಒರಗಿಸಿ, ಶೂ ಬದಲಿಸಿ, ಇಪ್ಪತ್ತು ನಿಮಿಷ ಓಡುವ ಅಭ್ಯಾಸವೂ ಇದೆ. ಇದನ್ನು ಬ್ರಿಕ್ ಅನ್ನುತ್ತಾರೆ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬೆಳಿಗ್ಗೆ ಇಳಿದಾಗ ಕಾಲು ನಮ್ಮದಲ್ಲ ಅನಿಸುತ್ತದಲ್ಲ, ಮೂರು ಗಂಟೆ ಪೆಡಲ್ ತುಳಿದ ಮೇಲೆ ಓಡುವುದೂ ಹಾಗೇ ಇರುತ್ತದೆ. ಒಂದೇ ರೀತಿ ಸುತ್ತುತ್ತಿದ್ದ ಕಾಲಿಗೆ ಈಗ ನೆಲವನ್ನು ತಳ್ಳುವ ಬೇರೆ ಕೆಲಸ. ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ಸರಿಹೋಗುತ್ತದೆ ಅನ್ನುವುದು ದೇಹಕ್ಕೂ ಮನಸ್ಸಿಗೂ ಮೊದಲೇ ಗೊತ್ತಿರಲಿ ಅಂತಲೇ ಈ ಅಭ್ಯಾಸ.

ಇಷ್ಟು ನಿಧಾನ ಯಾಕೆ? ಹಂಡೆ ಒಲೆಯ ಲೆಕ್ಕ

ಹೊಸಬರಿಗೆ ಅಚ್ಚರಿಯಾಗುವ ಸಂಗತಿ ಇದು. ತಯಾರಿಯ ಹೆಚ್ಚಿನ ಪಾಲು ನಿಧಾನವಾಗಿಯೇ ನಡೆಯುತ್ತದೆ. ಎಷ್ಟು ನಿಧಾನ ಅಂದರೆ, ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಎದೆಬಡಿತ ಅಳೆಯುವ ಕೈಗಡಿಯಾರದ ಭಾಷೆಯಲ್ಲಿ ಇದಕ್ಕೆ ಜೋನ್ 2 ಅನ್ನುತ್ತಾರೆ. ಎದೆಬಡಿತವನ್ನು ಐದು ಮೆಟ್ಟಿಲಾಗಿ ಮಾಡಿದರೆ ಕೆಳಗಿನಿಂದ ಎರಡನೆಯದು.

ಇದು ಯಾಕೆ ಅಂತ ತಿಳಿಯಲು ಬಚ್ಚಲುಮನೆಯ ಹಂಡೆ ಒಲೆಯನ್ನು ನೆನಪಿಸಿಕೊಳ್ಳಿ. ಒಣ ತೆಂಗಿನ ಗರಿ ಹಾಕಿದರೆ ಬೆಂಕಿ ಭಗ್ಗನೆ ಏಳುತ್ತದೆ, ಐದು ನಿಮಿಷಕ್ಕೆ ಬೂದಿ. ದಪ್ಪ ಕೊರಡು ನಿಧಾನವಾಗಿ ಹತ್ತಿಕೊಳ್ಳುತ್ತದೆ, ಆದರೆ ಬೆಳಿಗ್ಗೆಯೆಲ್ಲ ಉರಿಯುತ್ತದೆ. ನಮ್ಮ ದೇಹದಲ್ಲೂ ಎರಡು ಉರುವಲು ಇವೆ. ಅನ್ನ, ರೊಟ್ಟಿ, ಸಕ್ಕರೆಯಿಂದ ಬರುವ ಕಾರ್ಬೋಹೈಡ್ರೇಟ್ ತೆಂಗಿನ ಗರಿ. ಅದು ಗ್ಲೈಕೋಜನ್ ಅನ್ನುವ ರೂಪದಲ್ಲಿ ಸ್ನಾಯು ಮತ್ತು ಲಿವರಿನಲ್ಲಿ ಕೂತಿರುತ್ತದೆ. ಪೂರ್ತಿ ತುಂಬಿದ್ದರೂ ಸುಮಾರು 2000 ಕ್ಯಾಲೊರಿಯಷ್ಟು. ಕೊಬ್ಬು ಕೊರಡು. ಸಣಕಲು ಮೈಯವರಲ್ಲೂ ಅದು ಹತ್ತಾರು ಸಾವಿರ ಕ್ಯಾಲೊರಿಯಷ್ಟು ಇರುತ್ತದೆ.

ಜೋರಾಗಿ ಹೋದಷ್ಟೂ ದೇಹ ಗರಿಯನ್ನೇ ಹೆಚ್ಚು ಸುಡುತ್ತದೆ. ನಿಧಾನವಾಗಿ ಹೋದರೆ ಕೊರಡಿನ ಪಾಲು ಹೆಚ್ಚಾಗುತ್ತದೆ. ಓಟದಲ್ಲಿ ಸುಮಾರಾಗಿ ಒಂದು ಕಿಲೋ ತೂಕಕ್ಕೆ, ಒಂದು ಕಿಲೋಮೀಟರಿಗೆ ಒಂದು ಕ್ಯಾಲೊರಿ ಖರ್ಚು. 70 ಕಿಲೋ ತೂಕದವರಿಗೆ ಕೊನೆಯ 21 ಕಿ.ಮೀ. ಓಟಕ್ಕೇ ಹೆಚ್ಚುಕಡಿಮೆ 1500 ಕ್ಯಾಲೊರಿ ಬೇಕು. ಅದಕ್ಕೂ ಮುಂಚೆ ಈಜು ಮತ್ತು 90 ಕಿ.ಮೀ. ಸೈಕಲ್ ಆಗಿರುತ್ತದೆ. ಬರೀ ಗರಿ ನಂಬಿ ಹೊರಟರೆ ಓಟದ ಮಧ್ಯೆ ಒಲೆ ಆರಿಹೋಗುತ್ತದೆ. ಕಾಲು ಸೀಸದ ಹಾಗಾಗುತ್ತದೆ, ತಲೆ ಮಂಕಾಗುತ್ತದೆ, ಸಣ್ಣ ಲೆಕ್ಕವೂ ಹತ್ತುವುದಿಲ್ಲ. ಓಟಗಾರರು ಇದನ್ನು "ವಾಲ್ ಹೊಡೆಯಿತು" ಅನ್ನುತ್ತಾರೆ.

ತಿಂಗಳುಗಟ್ಟಲೆ ನಿಧಾನವಾಗಿ ಮಾಡುತ್ತ ಹೋದಾಗ ಸ್ನಾಯುವಿನ ಜೀವಕೋಶಗಳಲ್ಲಿರುವ ಮೈಟೊಕಾಂಡ್ರಿಯಾ ಅನ್ನುವ ಪುಟ್ಟ ಒಲೆಗಳು ಹೆಚ್ಚುತ್ತವೆ. ಅವುಗಳಿಗೆ ಆಮ್ಲಜನಕ ತರುವ ಎಳೆ ರಕ್ತನಾಳಗಳೂ ಹೆಚ್ಚುತ್ತವೆ. ಆಗ ಮೊದಲು ಏದುಸಿರು ಬರುತ್ತಿದ್ದ ವೇಗದಲ್ಲೇ ಮಾತಾಡಿಕೊಂಡು ಹೋಗಬಹುದು. ಇದಕ್ಕೆ ಅಡ್ಡದಾರಿ ಇಲ್ಲ. ವಾರಕ್ಕೆ ಒಂದೆರಡು ಸಲ ಜೋರಾಗಿಯೂ ಮಾಡಬೇಕು, ಆದರೆ ಅದು ಒಗ್ಗರಣೆಯಷ್ಟೇ.

ಜೆರ್ಸಿ ಜೇಬಿನಲ್ಲಿ ಏನಿರುತ್ತದೆ?

ಕೊರಡು ಉರಿಯುತ್ತಿರಬೇಕಾದರೂ ನಡುನಡುವೆ ಒಂದಿಷ್ಟು ಗರಿ ತುರುಕುತ್ತಿರಬೇಕು. ಹಾಗಾಗಿ ಸ್ಪರ್ಧೆಯಲ್ಲಿ, ಲಾಂಗ್ ರೈಡಿನಲ್ಲಿ ತಿನ್ನುತ್ತಲೇ ಹೋಗುತ್ತಾರೆ. ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಅನ್ನುವುದು ಒಪ್ಪಿತ ಲೆಕ್ಕ. ಗ್ಲೂಕೋಸ್ ಜೊತೆ ಫ್ರಕ್ಟೋಸ್ ಕೂಡ ಇದ್ದರೆ 90 ಗ್ರಾಂವರೆಗೂ ಹೋಗಬಹುದು. ಕಾರಣ, ಕರುಳಿನಲ್ಲಿ ಈ ಎರಡು ಸಕ್ಕರೆಗಳಿಗೆ ಬೇರೆ ಬೇರೆ ಬಾಗಿಲುಗಳಿವೆ. ಒಂದೇ ಬಾಗಿಲಲ್ಲಿ ನೂಕುನುಗ್ಗಲಾದರೆ ಹೊಟ್ಟೆ ಕೆಡುತ್ತದೆ. ನಮ್ಮ ಅಡುಗೆಮನೆಯ ಸಕ್ಕರೆಯಲ್ಲಿ ಈ ಎರಡೂ ಸಮಸಮ ಇರುತ್ತವೆ.

ಅಂಗಡಿಯಲ್ಲಿ ಇದಕ್ಕೆಂದೇ ತಿನ್ನುವ ಜೆಲ್ ಪೊಟ್ಟಣ ಸಿಗುತ್ತದೆ, ಒಂದೊಂದರಲ್ಲಿ 22ರಿಂದ 25 ಗ್ರಾಂ. ಮಧ್ಯಮ ಗಾತ್ರದ ಪಚ್ಚಬಾಳೆಯಲ್ಲೂ ಹತ್ತಿರಹತ್ತಿರ ಅಷ್ಟೇ ಇರುತ್ತದೆ. ನನಗೆ ಮೂರನೇ ಜೆಲ್ ದಾಟಿದರೆ ಹೊಟ್ಟೆ ತೊಳಸುತ್ತಿತ್ತು. ಅದನ್ನು ಕೇಳಿದ ನಮ್ಮತ್ತೆ ಒಂದು ಶುಕ್ರವಾರ ರಾತ್ರಿ ಪೇಪರ್ ಅವಲಕ್ಕಿಯನ್ನು ಸ್ವಲ್ಪ ಬೆಲ್ಲದ ಪಾಕ, ಚಿಟಿಕೆ ಉಪ್ಪು, ಒಂದು ಹನಿ ತುಪ್ಪ ಹಾಕಿ ಕಲಸಿ ಉಂಡೆ ಕಟ್ಟಿದರು. ಜೆರ್ಸಿಯ ಬೆನ್ನಿಗೆ ಮೂರು ಜೇಬುಗಳಿರುತ್ತವೆ. ಅದರ ಅಳತೆ ನೋಡಿಕೊಂಡು ಉಂಡೆಯನ್ನು ಸ್ವಲ್ಪ ಚಪ್ಪಟೆ ಮಾಡಿದರು. ನಾನು ಪ್ಲಾಸ್ಟಿಕ್ ಹಾಳೆ ಕೊಡಲು ಹೋದರೆ, "ಬೇಡ ಕಣಮ್ಮ, ಬೆವರಿಗೆ ಒಳಗೇ ಅಂಟ್ಕೊಳ್ಳುತ್ತೆ. ಸೈಕಲ್ ಮೇಲೆ ಒಂದು ಕೈಯಲ್ಲಿ ಹೇಗೆ ಬಿಡಿಸ್ತೀಯ?" ಅಂದರು. ಬಾಳೆಎಲೆಯನ್ನು ಒಲೆಯ ಮೇಲೆ ಬಾಡಿಸಿ ಸುತ್ತಿದರು. ತೂಗಿ ನೋಡಿದೆ. ಒಂದೊಂದು 45 ಗ್ರಾಂ, ಅದರಲ್ಲಿ ಕಾರ್ಬೋಹೈಡ್ರೇಟ್ ಸುಮಾರು 30. ಗಂಟೆಗೆ ಎರಡು ತಿಂದರೆ ಲೆಕ್ಕ ಸರಿಹೋಯಿತು.

ಹೊಟ್ಟೆಗೂ ತರಬೇತಿ ಬೇಕು. ಓಡುವಾಗ ರಕ್ತವೆಲ್ಲ ಕಾಲಿಗೆ ಹರಿಯುವುದರಿಂದ ಹೊಟ್ಟೆಗೆ ಸಿಗುವುದು ಕಡಿಮೆ. ಅಂಥ ಹೊತ್ತಲ್ಲಿ ಜೀರ್ಣಿಸುವುದನ್ನು ಅದು ವಾರವಾರ ಸ್ವಲ್ಪಸ್ವಲ್ಪವಾಗಿ ಕಲಿಯುತ್ತದೆ. ಸ್ಪರ್ಧೆಯ ದಿನ ಹೊಸದೇನನ್ನೂ ತಿನ್ನಬಾರದು ಅನ್ನುವುದು ಇದೇ ಕಾರಣಕ್ಕೆ.

ಇನ್ನೊಂದು ಮಾತು ಹೇಳಲೇಬೇಕು. ತಯಾರಿಯ ಜೊತೆಗೆ ತೂಕವನ್ನೂ ಇಳಿಸುತ್ತೇನೆ ಅಂತ ಊಟ ಬಿಡುವವರಿದ್ದಾರೆ. ದಯವಿಟ್ಟು ಬೇಡ. ಖರ್ಚಿಗೆ ತಕ್ಕಷ್ಟು ತಿನ್ನದಿದ್ದರೆ ದೇಹ ಬೇರೆ ಕೆಲಸಗಳಿಗೆ ಕತ್ತರಿ ಹಾಕುತ್ತದೆ. ಮೂಳೆ ಸೊರಗುತ್ತದೆ, ಶೀತ ಜ್ವರ ಪದೇ ಪದೇ ಬರುತ್ತದೆ, ಹೆಣ್ಣುಮಕ್ಕಳಿಗೆ ಮುಟ್ಟು ತಪ್ಪುತ್ತದೆ. ಮುಟ್ಟು ನಿಂತರೆ ಅದು ಫಿಟ್‌ನೆಸ್ಸಿನ ಗುರುತಲ್ಲ, ವೈದ್ಯರ ಹತ್ತಿರ ಹೋಗಬೇಕಾದ ಗುರುತು.

ಬೆವರು, ಉಪ್ಪು ಮತ್ತು ಕರಾವಳಿಯ ಗಾಳಿ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬೆಳಗಿನ ಗಾಳಿ ತಣ್ಣಗಿರುತ್ತದೆ. ಗೋವಾ ಹಾಗಲ್ಲ. ಮಳೆಗಾಲದಲ್ಲಿ ಮಂಗಳೂರಿನಲ್ಲಿ ಬಟ್ಟೆ ಒಣಗುವುದಿಲ್ಲ, ಗೊತ್ತಲ್ಲ? ಗಾಳಿಯಲ್ಲಿ ಆಗಲೇ ನೀರು ತುಂಬಿರುವುದರಿಂದ ಬಟ್ಟೆಯ ನೀರಿಗೆ ಜಾಗವಿರುವುದಿಲ್ಲ. ಮೈಯ ಬೆವರಿಗೂ ಅದೇ ಗತಿ. ಬೆವರು ಸುರಿದರೆ ಮೈ ತಣ್ಣಗಾಗುವುದಿಲ್ಲ, ಅದು ಆರಿದಾಗ ತಣ್ಣಗಾಗುತ್ತದೆ. ಆರದಿದ್ದರೆ ಮೈ ಕಾಯುತ್ತಲೇ ಹೋಗುತ್ತದೆ. ದೇಹ ಇದಕ್ಕೆ ಒಗ್ಗಿಕೊಳ್ಳಲು 10ರಿಂದ 14 ದಿನ ಬೇಕು. ಹಾಗಾಗಿ ಬಯಲುಸೀಮೆಯವರು ಸ್ಪರ್ಧೆಗೆ ಮುಂಚಿನ ವಾರಗಳಲ್ಲಿ ಕೆಲವು ದಿನ ಬಿಸಿಲು ಏರಿದ ಮೇಲೆಯೇ, ಎಚ್ಚರಿಕೆಯಿಂದ, ನಿಧಾನವಾಗಿ ಓಡುತ್ತಾರೆ.

ಎಷ್ಟು ಕುಡಿಯಬೇಕು ಅಂತ ತಿಳಿಯಲು ಮನೆಯ ತೂಕದ ಯಂತ್ರ ಸಾಕು. ಒಂದು ಗಂಟೆ ಓಡುವ ಮುಂಚೆ, ಓಡಿ ಬಂದು ಮೈ ಒರೆಸಿಕೊಂಡ ಮೇಲೆ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಒಂದು ಲೀಟರ್ ಬೆವರು ಹೋಗಿದೆ. ಬರೀ ನೀರನ್ನೇ ವಿಪರೀತ ಕುಡಿಯುವುದೂ ಅಪಾಯ. ರಕ್ತದಲ್ಲಿನ ಸೋಡಿಯಂ ತೆಳುವಾಗಿ ತಲೆಸುತ್ತು, ವಾಂತಿ, ಕೊನೆಗೆ ಪ್ರಜ್ಞೆ ತಪ್ಪುವುದೂ ಉಂಟು. ಉಪ್ಪು, ಸಕ್ಕರೆ ಹಾಕಿದ ನಿಂಬೆ ಶರಬತ್ತು ಈ ವಿಷಯದಲ್ಲಿ ಬಹಳ ಜಾಣ ಪಾನೀಯ.

ಬಾವಿಯಲ್ಲಿ ಕಲಿತ ಈಜು ಸಾಲದೇ?

ನಮ್ಮ ಕಡೆ ಅನೇಕರು ಸೊಂಟಕ್ಕೆ ಸೋರೆಬುರುಡೆಯನ್ನೋ ಡಬ್ಬವನ್ನೋ ಕಟ್ಟಿಕೊಂಡು ಊರ ಬಾವಿಯಲ್ಲಿ, ಕೆರೆಯಲ್ಲಿ ಈಜು ಕಲಿತವರು. ಅವರಿಗೆ ನೀರಿನ ಭಯವಿಲ್ಲ. ಅದೇ ಅರ್ಧ ಗೆಲುವು. ಆದರೆ ಆ ಈಜಿನಲ್ಲಿ ತಲೆ ಮೇಲಿರುತ್ತದೆ. ತಲೆ ಎತ್ತಿದರೆ ಕಾಲು ಮುಳುಗುತ್ತದೆ, ಮುಳುಗಿದ ಕಾಲು ನೀರಿಗೆ ಅಡ್ಡ ಹಿಡಿದ ಹಲಗೆಯಂತೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಅಲ್ಲಿ ಶಕ್ತಿಗಿಂತ ಮೈ ಚಾಚುವ ರೀತಿಯೇ ಮುಖ್ಯ. ಮುಖ ನೀರೊಳಗಿಟ್ಟು, ಪಕ್ಕಕ್ಕೆ ತಿರುಗಿ ಉಸಿರೆಳೆದು, ನೀರೊಳಗೆ ಉಸಿರು ಬಿಡುವುದನ್ನು ದೊಡ್ಡವರಾದ ಮೇಲೆ ಕಲಿಯಲು ತಿಂಗಳುಗಳೇ ಬೇಕು. 25 ಮೀಟರಿನ ಕೊಳದಲ್ಲಿ 1.9 ಕಿ.ಮೀ. ಅಂದರೆ 76 ಉದ್ದ.

ಕೊಳದ ತಳದಲ್ಲಿ ದಾರಿ ತೋರುವ ಕಪ್ಪು ಗೆರೆ ಇರುತ್ತದೆ. ಸಮುದ್ರದಲ್ಲಿ ಅದಿಲ್ಲ. ಎಂಟು ಹತ್ತು ಕೈ ಬೀಸಿಗೊಮ್ಮೆ ಕಣ್ಣಷ್ಟೇ ಮೇಲೆತ್ತಿ, ದೂರದಲ್ಲಿ ತೇಲುವ, ಬೋಯ್ ಅನ್ನುವ ಬಣ್ಣದ ಗುರುತನ್ನು ನೋಡಿಕೊಂಡು ದಿಕ್ಕು ಸರಿಮಾಡಿಕೊಳ್ಳಬೇಕು. ತೊಂದರೆ ಏನೆಂದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ಕಡಲಿಗೆ ಇಳಿಯುವಂತಿಲ್ಲ. ಸ್ಪರ್ಧೆ ಇರುವುದು ಮಳೆಗಾಲದ ಬೆನ್ನಲ್ಲೇ. ಹಾಗಾಗಿ ಕಡಲಿನ ಅಭ್ಯಾಸಕ್ಕೆ ಸಿಗುವುದು ಕೊನೆಯ ಕೆಲವು ದಿನಗಳು ಮಾತ್ರ. ಆ ದಿನಗಳಲ್ಲೂ ಒಬ್ಬರೇ ಇಳಿಯಬೇಡಿ, ಎಷ್ಟೇ ಈಜು ಬರಲಿ.

ರಜೆಯ ದಿನ ಏನಾಗುತ್ತದೆ?

ಮನೆ ಕಟ್ಟುವವರನ್ನು ನೋಡಿ. ಪ್ಲಾಸ್ಟರ್ ಮಾಡಿದ ಮೇಲೆ ದಿನಾ ಗೋಡೆಗೆ ನೀರು ಹೊಡೆಯುತ್ತಾರೆ, ಕ್ಯೂರಿಂಗ್ ಅಂತ. ಆಗ ಮೇಸ್ತ್ರಿ ಹೊಸದೇನನ್ನೂ ಕಟ್ಟುತ್ತಿರುವುದಿಲ್ಲ, ಆದರೆ ಗೋಡೆ ಗಟ್ಟಿಯಾಗುವುದು ಆಗಲೇ. ವ್ಯಾಯಾಮ ಸ್ನಾಯುವಿನಲ್ಲಿ ಸಣ್ಣಸಣ್ಣ ಪೆಟ್ಟು ಮಾಡುತ್ತದೆ. ಅದನ್ನು ದೇಹ ರಿಪೇರಿ ಮಾಡಿ ಮೊದಲಿಗಿಂತ ಗಟ್ಟಿ ಮಾಡುವುದು ನಿದ್ದೆಯಲ್ಲಿ, ರಜೆಯಲ್ಲಿ. ಅದಕ್ಕೇ ಸೋಮವಾರದ ರಜೆ. ಅದಕ್ಕೇ ಮೂರು ವಾರ ಏರಿಸಿ ನಾಲ್ಕನೆಯ ವಾರ ಇಳಿಸುವ ಪದ್ಧತಿ. ಅದಕ್ಕೇ ಸ್ಪರ್ಧೆಗೆ ಎರಡು ವಾರ ಮುಂಚಿನಿಂದ ತಯಾರಿಯನ್ನು ಕಡಿಮೆ ಮಾಡುತ್ತ ಬರುವುದು. ಇದಕ್ಕೆ ಟೇಪರ್ ಅನ್ನುತ್ತಾರೆ.

4:20ಕ್ಕೆ ಏಳಬೇಕೆಂದರೆ 9:30ಕ್ಕೆ ಮಲಗಲೇಬೇಕು. ನನ್ನ ಅನುಭವದಲ್ಲಿ ಇಡೀ ತಯಾರಿಯಲ್ಲಿ ಅತಿ ಕಷ್ಟದ ಕೆಲಸ ಇದೇ. ರಿಸೆಪ್ಷನ್ ಊಟ ಶುರುವಾಗುವುದೇ ಎಂಟೂವರೆಗೆ. ಸುಮ್ನೆ ಒಂದು ಗಂಟೆ ನಿದ್ದೆ ಕದ್ದರೆ ಏನಾಗುತ್ತೆ ಅನಿಸುತ್ತದೆ. ವಾರದಲ್ಲಿ ನಾಲ್ಕು ಸಲ ಹಾಗಾದರೆ ಬೆಳಿಗ್ಗೆ ಎದ್ದಾಗಿನ ಎದೆಬಡಿತ ಏರಿರುತ್ತದೆ, ಸಿಡುಕು ಬರುತ್ತದೆ, ಮಂಡಿಯ ಹಳೆಯ ನೋವು ಮತ್ತೆ ತಲೆ ಎತ್ತುತ್ತದೆ. ಅಂಥ ದಿನ ಹಾಳೆಯಲ್ಲಿ ಏನೇ ಬರೆದಿರಲಿ, ಮಲಗುವುದೇ ಸರಿ.

ಮನೆಯವರ ಪಾಲು

ಹೊರಗಿನವರಿಗೆ ಕಾಣದ ಕೆಲಸ ಎಂದರೆ ಬಟ್ಟೆ. ದಿನಕ್ಕೆ ಒಂದು ಜೊತೆ ಬೆವರಿನ ಬಟ್ಟೆ, ಈಜಿದ ದಿನ ಕ್ಲೋರಿನ್ ವಾಸನೆಯ ಟವೆಲ್ ಬೇರೆ. ಬಾಲ್ಕನಿಯ ತಂತಿಯಲ್ಲಿ ಜಾಗ ಸಾಲುವುದಿಲ್ಲ. ತಿಂಡಿ ಎರಡು ಸಲ ಆಗುತ್ತದೆ, ಐದು ಇಡ್ಲಿ ತಿಂದವರಿಗೆ ಹತ್ತೂವರೆಗೆ ಮತ್ತೆ ಹಸಿವು. ಶನಿವಾರ ಬೆಳಿಗ್ಗೆ ಮಗುವಿಗೆ ಹಾಲು ಕಾಯಿಸುವುದು ಬೇರೆಯವರ ಪಾಲಿಗೆ ಬರುತ್ತದೆ. ದುಡ್ಡೂ ಖರ್ಚಾಗುತ್ತದೆ. ಸೈಕಲ್ಲೊಂದೇ ಹತ್ತಾರು ಸಾವಿರದಿಂದ ಹಲವು ಲಕ್ಷದವರೆಗೂ ಇದೆ, ಮೊದಲ ಸ್ಪರ್ಧೆಗೆ ಕಡಿಮೆಯದೇ ಸಾಕು.

ಹಾಗಾಗಿ ಫೀಸು ಕಟ್ಟುವ ಮುಂಚೆ ಮನೆಯಲ್ಲಿ ಕೂತು ಮಾತಾಡಬೇಕು. ಯಾವ ಬೆಳಿಗ್ಗೆ ಯಾರದ್ದು, ಯಾವ ಮದುವೆಗೆ ಹೋಗಲೇಬೇಕು, ಪರೀಕ್ಷೆಯ ತಿಂಗಳಲ್ಲಿ ಏನು ಮಾಡುವುದು ಅಂತ. ನಮ್ಮ ಹಾಳೆಯಲ್ಲಿ ಭಾನುವಾರ ಒಂಬತ್ತರ ನಂತರದ ಜಾಗವನ್ನು ನನ್ನ ಗಂಡ ಕೆಂಪು ಪೆನ್ನಿನಲ್ಲಿ ಗೀಟು ಹಾಕಿ ಇಟ್ಟಿದ್ದರು. ಅಲ್ಲಿಂದಾಚೆ ಗಡಿಯಾರ ಕಳಚಿಡಬೇಕು, ಸುಸ್ತು ಅನ್ನುವಂತಿಲ್ಲ. ಆ ಗೀಟನ್ನು ನಾನು ಎರಡೇ ಸಲ ದಾಟಿದ್ದು, ಎರಡು ಸಲವೂ ಕೇಳಿಯೇ.

ಶುರು ಮಾಡುವುದಾದರೆ

ಮೊದಲು ವೈದ್ಯರ ಹತ್ತಿರ ಹೋಗಿ ರಕ್ತದೊತ್ತಡ, ಇಸಿಜಿ, ಹಿಮೋಗ್ಲೋಬಿನ್ ನೋಡಿಸಿ. ನಲವತ್ತು ದಾಟಿದವರಂತೂ ಇದನ್ನು ಬಿಡಲೇಬೇಡಿ. ಆಮೇಲೆ ನೇರವಾಗಿ ಗೋವಾ ಬೇಡ. ಸ್ಪ್ರಿಂಟ್ ಅನ್ನುವ ಪುಟ್ಟ ಟ್ರಯಥ್ಲಾನ್ ಇದೆ: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಅದನ್ನು ಒಮ್ಮೆ ಮುಗಿಸಿದರೆ ಮುಂದಿನದು ಬೇಕೋ ಬೇಡವೋ ನಿಮಗೇ ಗೊತ್ತಾಗುತ್ತದೆ.

ಓಟ, ಸೈಕಲ್ ಯಾವ ತಿಂಗಳಲ್ಲಾದರೂ ಶುರು ಮಾಡಬಹುದು. ಈಜಿಗೆ ಮಾತ್ರ ಸಮಯ ನೋಡಿ. ಏಪ್ರಿಲ್, ಮೇನಲ್ಲಿ ಮಕ್ಕಳ ಬೇಸಿಗೆ ಶಿಬಿರದಿಂದ ಕೊಳಗಳು ತುಂಬಿರುತ್ತವೆ, ದೊಡ್ಡವರಿಗೆ ಕಾಲು ಚಾಚಲೂ ಜಾಗವಿರುವುದಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾದ ವಾರವೇ ಲೇನ್‌ಗಳು ಖಾಲಿಯಾಗುತ್ತವೆ. ಬೆಳಗಿನ ಆರರ ಬ್ಯಾಚಿನಲ್ಲಿ ಜಾಗ ಇದೆಯಾ ಅಂತ ಆಗ ಹೋಗಿ ಕೇಳಿ.